ಟಗರಿನ ಬೀಜಬಲವೂ ಹಗಲಿನ ಪ್ರಮಾಣವೂ

(ಗ್ರಾಮದ ಹಿಡುವಳಿದಾರರ ಮತ್ತು ಮುಖಂಡರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕುರಿಯ ವಿಷಯದಲ್ಲಿ ನಮ್ಮ ಗ್ರಾಮಗಳಲ್ಲಿ ಒಂದು ತೀರ್ಪು ಬಹಳ ಸುಲಭವಾಗಿ ಆಗಿಬಿಡುತ್ತದೆ. ಮುಂಗಾರಿನಲ್ಲಿ ಹಿಂಡಿಗೆ ಟಗರನ್ನು ಬಿಟ್ಟ ಮೇಲೆ, ಕಾರ್ತಿಕ ಮಾರ್ಗಶಿರಗಳ ಹೊತ್ತಿಗೆ ಯಾವ ಯಾವ ಕುರಿಗಳು ಈಯಲಿಲ್ಲವೋ ಅವೆಲ್ಲವನ್ನೂ ಗೊಡ್ಡೆಂದು ಎಣಿಸಿ ಸಂತೆಗೆ ಹೊಡೆಯುತ್ತಾರೆ. ಟಗರನ್ನು ವಿಚಾರಿಸುವವರು ಬಹಳ ಕಡಿಮೆ. ಒಂದು ಹೆಣ್ಣುಕುರಿ ಗಬ್ಬವಾಗದಿದ್ದರೆ ಆ ವರ್ಷ ಒಂದೆರಡು ಮರಿಗಳ ನಷ್ಟ. ಟಗರಿನ ಬೀಜದಲ್ಲಿ ಸತ್ತ್ವವಿಲ್ಲದಿದ್ದರೆ ಇಡೀ ಹಿಂಡಿನ ಮರಿಗಳು ನಷ್ಟ. ಹೀಗಿದ್ದರೂ ಮಾರಾಟಕ್ಕೆ ಹೋಗುವುದು ಕುರಿ, ಹಟ್ಟಿಯಲ್ಲಿ ಉಳಿಯುವುದು ಟಗರು. ಈ ತೀರ್ಪನ್ನು ಕೊಡುವುದಕ್ಕೆ ಮುಂಚೆ ಟಗರಿನ ಬೀಜವು ಯಾವಾಗ, ಯಾವುದರ ಪ್ರೇರಣೆಯಿಂದ ಉತ್ಪತ್ತಿಯಾಗುತ್ತದೆ, ಯಾವುದರಿಂದ ಕೆಡುತ್ತದೆ ಎಂಬುದನ್ನು ತಾವು ತಿಳಿದಿರಬೇಕೆಂಬ ಉದ್ದೇಶದಿಂದ ಈ ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇನೆ.

ಮೊದಲು ದೂರದೇಶದ ಸಂಗತಿಯನ್ನು ಹೇಳಬೇಕಾಗಿದೆ. ಯಾಕೆಂದರೆ ಈ ಶಾಸ್ತ್ರವು ಬೆಳೆದದ್ದು ಅಲ್ಲಿ. ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸವು ತಿಳಿಯದೆ ಹೋದರೆ ಅಲ್ಲಿಯ ಔಷಧವನ್ನು ಇಲ್ಲಿಯ ರೋಗಕ್ಕೆ ಕೊಟ್ಟಂತಾಗುತ್ತದೆ.

ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ ಸಮುದ್ರದ ನಡುವೆ ಸೇಂಟ್ ಕಿಲ್ಡ ಎಂಬ ಸಣ್ಣ ದ್ವೀಪಗಳ ಗುಂಪು ಇದೆ. ಅಲ್ಲಿಯ ಜನರು 1930ರಲ್ಲಿ ದ್ವೀಪವನ್ನು ಬಿಟ್ಟು ಹೊರಟುಹೋದರು. ಆ ಗುಂಪಿನ ಸೋಯೆ ಎಂಬ ದ್ವೀಪದಲ್ಲಿದ್ದ ಸಣ್ಣ ಜಾತಿಯ ಕುರಿಗಳನ್ನು 1932ರಲ್ಲಿ ಹಿರ್ಟ ಎಂಬ ದೊಡ್ಡ ದ್ವೀಪಕ್ಕೆ ಸಾಗಿಸಿ ಬಿಟ್ಟರು. ಅಂದಿನಿಂದ ಅವು ಕಾಯುವವರಿಲ್ಲದೆ, ಮೇವು ಹಾಕುವವರಿಲ್ಲದೆ ತಮ್ಮಷ್ಟಕ್ಕೆ ತಾವೇ ಬಾಳುತ್ತಿವೆ. ಆ ಟಗರುಗಳ ವೃಷಣಗಳು ಚಳಿಗಾಲ ಕಳೆದ ಮೇಲೆ ಕುಗ್ಗಿ, ಹಗಲು ಕುಗ್ಗತೊಡಗಿದ ಮೇಲೆ ಪುನಃ ಹಿಗ್ಗಿ, ಕಾರ್ತಿಕದ ಸುಮಾರಿಗೆ, ಎಂದರೆ ನವೆಂಬರ್ ತಿಂಗಳಿನಲ್ಲಿ ಪೂರ್ಣಬಲಕ್ಕೆ ಬರುತ್ತವೆ. ಆಗ ಅವು ಮೇವು ನೀರುಗಳ ಪರಿವೆಯಿಲ್ಲದೆ ಹಾದಾಡಿ, ಕುರಿಗಳನ್ನು ಅಟ್ಟಿಕೊಂಡು ತಿರುಗುತ್ತವೆ. ಕುರಿಯ ಗಬ್ಬದ ಕಾಲವು ಹೆಚ್ಚು ಕಡಿಮೆ ಐದು ತಿಂಗಳಾದ್ದರಿಂದ ಮರಿಗಳು ಏಪ್ರಿಲ್ ತಿಂಗಳಿನಲ್ಲಿ, ಹೊಸ ಹುಲ್ಲು ಚಿಗುರುವ ಸಮಯಕ್ಕೆ ಸರಿಯಾಗಿ ಹುಟ್ಟುತ್ತವೆ. ಚಳಿಗಾಲದ ಹಿಮದಲ್ಲಿ ಹುಟ್ಟಿದ ಮರಿ ಉಳಿಯಲಾರದು. ಆದ್ದರಿಂದ ಮರಿ ಹುಟ್ಟಬೇಕಾದ ಕಾಲಕ್ಕೆ ಐದು ತಿಂಗಳು ಮುಂಚೆಯೇ ಟಗರು ಸಿದ್ಧವಾಗಿರಬೇಕು. ಅದು ಸಿದ್ಧವಾಗಬೇಕಾದರೆ ಇನ್ನೂ ಕೆಲವು ತಿಂಗಳು ಮೊದಲೇ ಅದಕ್ಕೆ ಸೂಚನೆ ಸಿಕ್ಕಬೇಕು. ಮಳೆಯೂ ಚಳಿಯೂ ಒಂದು ವರ್ಷ ಮುಂಚೆ ಬಂದಾವು, ಇನ್ನೊಂದು ವರ್ಷ ತಡವಾಗಿ ಬಂದಾವು. ತಪ್ಪದೆ ಬರುವುದು ಹಗಲಿನ ಹೆಚ್ಚುಕಡಿಮೆ ಒಂದೇ.

ಈ ಹೆಚ್ಚುಕಡಿಮೆಯೇ ಕಾರಣವೆಂಬುದು ಹೇಗೆ ಗೊತ್ತಾಯಿತು? ಇಂಗ್ಲೆಂಡಿನ ಕುರಿಗಳನ್ನು ಭೂಮಧ್ಯರೇಖೆಯ ಆಚೆಗೆ, ದಕ್ಷಿಣದ ದೇಶಗಳಿಗೆ ಹಡಗಿನಲ್ಲಿ ಸಾಗಿಸಿದಾಗ ಅವುಗಳ ಬೆದೆಯ ಕಾಲವು ಆರು ತಿಂಗಳು ಪಲ್ಲಟವಾಗುವುದನ್ನು ಕೇಂಬ್ರಿಜ್ಜಿನ ಮಾರ್ಷಲ್ ಎಂಬ ವಿದ್ವಾಂಸರು 1937ರಲ್ಲಿ ವಿವರಿಸಿದರು. ಅದೇ ಕೇಂಬ್ರಿಜ್ಜಿನಲ್ಲಿ ಯೇಟ್ಸ್ ಎಂಬವರು ದೀಪದ ಬೆಳಕಿನಿಂದ ಹಗಲಿನ ಕ್ರಮವನ್ನು ತಲೆಕೆಳಗು ಮಾಡಿ, ಹೆಣ್ಣುಕುರಿಗಳನ್ನು ಅಕಾಲದಲ್ಲಿ ಬೆದೆಗೆ ಬರಿಸಿ, ಆ ಪರೀಕ್ಷೆಯನ್ನು 1949ರಲ್ಲಿ ಪ್ರಕಟಿಸಿದರು. ಟಗರಿನ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಪರೀಕ್ಷೆಗಳು 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ನಡೆದವು. ಜೆರಾಲ್ಡ್ ಲಿಂಕನ್ ಎಂಬ ವಿಜ್ಞಾನಿಯು ಮೇಲೆ ಹೇಳಿದ ಸೋಯೆ ಟಗರುಗಳನ್ನು ಕಟ್ಟಡದೊಳಗಿಟ್ಟು, 16 ವಾರಗಳ ಕಾಲ ದಿನಕ್ಕೆ 16 ಗಂಟೆ ಬೆಳಕು, ಆಮೇಲೆ 16 ವಾರ ದಿನಕ್ಕೆ 8 ಗಂಟೆ ಬೆಳಕು ಎಂಬ ಕ್ರಮವನ್ನು ಏರ್ಪಡಿಸಿದರು. ಹಗಲು ಕಿರಿದಾದ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಪ್ರೇರಕ ರಸಗಳು ಏರಿದವು, ತರುವಾಯ ವೃಷಣಗಳು ಬೆಳೆದವು, ಟಗರುಗಳು ಹಾಯತೊಡಗಿದವು. ಹಗಲು ಹಿರಿದಾದೊಡನೆ ಎಲ್ಲವೂ ಇಳಿಮುಖವಾಯಿತು. ಹೀಗೆ ಒಂದು ವರ್ಷದ ಕ್ರಮವನ್ನು 32 ವಾರಗಳಿಗೆ ಇಳಿಸಿದಂತಾಯಿತು. ಹವೆಯ ಚಳಿ ಸೆಕೆಗಳಲ್ಲ, ಬೆಳಕಿನ ಅವಧಿಯೇ ಯಜಮಾನನೆಂದು ಇದರಿಂದ ನಿಶ್ಚಯವಾಯಿತು.

ಬೆಳಕು ಕಣ್ಣಿಗೆ ಬಿದ್ದರೆ ವೃಷಣಕ್ಕೆ ಹೇಗೆ ತಿಳಿಯುತ್ತದೆ ಎಂದು ತಾವು ಕೇಳಬಹುದು. ಈ ದಾರಿಯು ಸ್ವಲ್ಪ ಸುತ್ತಿನದು, ಆದರೆ ಕಷ್ಟದ್ದಲ್ಲ. ಮಿದುಳಿನ ನಡುವೆ ಪೀನಿಯಲ್ ಎಂಬ ಒಂದು ಚಿಕ್ಕ ಗ್ರಂಥಿ ಉಂಟು. ಕತ್ತಲಾದಾಗ ಅದು ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ, ಬೆಳಕಾದಾಗ ನಿಲ್ಲಿಸುತ್ತದೆ. ಈ ರಸವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಲರ್ನರ್ ಎಂಬವರು 1958ರಲ್ಲಿ ದನಗಳ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದರು. ರಾತ್ರಿಯು ದೀರ್ಘವಾದರೆ ರಸವು ಹೆಚ್ಚು ಹೊತ್ತು ಹರಿಯುತ್ತದೆ, ಹ್ರಸ್ವವಾದರೆ ಕಡಿಮೆ ಹೊತ್ತು. ಕುರಿಯ ಶರೀರವು ರಾತ್ರಿಯನ್ನು ಅಳೆಯುವ ಅಳತೆಗೋಲು ಇದೇ. ಈ ರಸದ ಅವಧಿಯನ್ನು ಅನುಸರಿಸಿ, ಮಿದುಳಿನ ತಳಭಾಗವಾದ ಹೈಪೋಥಲಮಸ್ ಎಂಬುದು ಒಂದು ಪ್ರೇರಕ ರಸವನ್ನು ತೊಟ್ಟುತೊಟ್ಟಾಗಿ, ಬಿಟ್ಟುಬಿಟ್ಟು, ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಕಳುಹಿಸುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಟು ವೃಷಣವನ್ನು ಸೇರುತ್ತವೆ. ಅವುಗಳಲ್ಲಿ ಒಂದು ಟೆಸ್ಟಾಸ್ಟಿರೋನ್ ಎಂಬ ಗಂಡುರಸವನ್ನು ಹುಟ್ಟಿಸುತ್ತದೆ. ಇನ್ನೊಂದು ಬೀಜಾಣುಗಳ ಉತ್ಪತ್ತಿಗೆ ಸಹಾಯಕವಾಗುತ್ತದೆ. ಗಂಡುರಸವು ಹೆಚ್ಚಾದಾಗ ಅದೇ ಮೇಲಕ್ಕೆ ಹೋಗಿ ಹೈಪೋಥಲಮಸ್ಸನ್ನು ತಡೆಯುತ್ತದೆ. ದೀರ್ಘವಾದ ಹಗಲುಗಳಲ್ಲಿ ಈ ತಡೆಯು ಬಹಳ ಬಲವಾಗಿರುತ್ತದೆ, ಹ್ರಸ್ವವಾದ ಹಗಲುಗಳಲ್ಲಿ ಸಡಿಲವಾಗುತ್ತದೆ. ಕೆರೆಯ ತೂಬಿನ ಬಿರಡೆಯನ್ನು ಯಾರೋ ಹಗಲಿನ ಲೆಕ್ಕ ನೋಡಿ ಎತ್ತಿ ಇಳಿಸುವಂತೆ ಇದು ನಡೆಯುತ್ತದೆ.

ಹೈಪೋಥಲಮಸ್ಸಿನ ಆ ಪ್ರೇರಕ ರಸದ ರಚನೆಯನ್ನು 1971ರಲ್ಲಿ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಕಂಡುಹಿಡಿದರು. ಶಾಲಿ ಎಂಬವರು ಹಂದಿಯ ಮಿದುಳಿನಿಂದ, ಗಿಯೆಮಾಂ ಎಂಬವರು ಕುರಿಯ ಮಿದುಳಿನಿಂದ. ಅದಕ್ಕಾಗಿ ಕಸಾಯಿಖಾನೆಗಳಿಂದ ಲಕ್ಷಾಂತರ ಕುರಿಗಳ ಮಿದುಳಿನ ತುಣುಕುಗಳನ್ನು ಸಂಗ್ರಹಿಸಬೇಕಾಯಿತು. ಇಬ್ಬರಿಗೂ 1977ರಲ್ಲಿ ನೊಬೆಲ್ ಬಹುಮಾನವು ಬಂದಿತು. ಕುರಿಯು ಮನುಷ್ಯರ ವೈದ್ಯಶಾಸ್ತ್ರಕ್ಕೆ ಮಾಡಿರುವ ಈ ಉಪಕಾರವು ಉಣ್ಣೆ ಮಾಂಸಗಳ ಲೆಕ್ಕದಲ್ಲಿ ಸೇರುವುದಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಎಡಿನ್‌ಬರೋದಲ್ಲಿ ವರ್ಷದ ಅತ್ಯಂತ ದೊಡ್ಡ ಹಗಲು ಸುಮಾರು ಹದಿನೇಳೂವರೆ ಗಂಟೆ, ಅತ್ಯಂತ ಸಣ್ಣ ಹಗಲು ಸುಮಾರು ಏಳು ಗಂಟೆ. ವ್ಯತ್ಯಾಸವು ಹತ್ತೂವರೆ ಗಂಟೆಗಿಂತ ಹೆಚ್ಚು. ಮೈಸೂರಿನಲ್ಲಿ ದೊಡ್ಡ ಹಗಲು 12 ಗಂಟೆ 50 ನಿಮಿಷ, ಸಣ್ಣದು 11 ಗಂಟೆ 25 ನಿಮಿಷದಷ್ಟು. ವ್ಯತ್ಯಾಸವು ಒಂದೂವರೆ ಗಂಟೆಯೂ ಪೂರ್ತಿಯಾಗಿಲ್ಲ. ಉತ್ತರದ ಬೀದರಿಗೆ ಹೋದರೂ ಎರಡು ಗಂಟೆಯನ್ನು ಸ್ವಲ್ಪ ಮೀರುತ್ತದೆ, ಅಷ್ಟೆ. ಉತ್ತರಾಯಣ ದಕ್ಷಿಣಾಯನಗಳು ಪಂಚಾಂಗದಲ್ಲಿ ನಮಗೆ ಬಹಳ ದೊಡ್ಡವು. ನಮ್ಮ ಟಗರಿನ ಪಿಟ್ಯುಟರಿ ಗ್ರಂಥಿಗೆ ಬಹಳ ಸಣ್ಣವು. ಆದ್ದರಿಂದಲೇ ಬನ್ನೂರು ಕುರಿಯಾಗಲಿ, ಬಳ್ಳಾರಿ ಕುರಿಯಾಗಲಿ, ದಖ್ಖನಿ, ಹಾಸನ, ಕೆಂಗುರಿ ಜಾತಿಗಳಾಗಲಿ, ವರ್ಷದ ಯಾವ ತಿಂಗಳಿನಲ್ಲಿಯೂ ಬೆದೆಗೆ ಬರಬಲ್ಲವು. ಟಗರೂ ವರ್ಷವೆಲ್ಲ ಹಾರಬಲ್ಲದು.

ಹಾಗಾದರೆ ನಮ್ಮ ಟಗರಿಗೆ ಋತುಭೇದವೇ ಇಲ್ಲವೆಂದು ಭಾವಿಸಕೂಡದು. ಇದೆ, ಆದರೆ ಅದನ್ನು ನಡೆಸುವ ಯಜಮಾನರು ಬೇರೆ. ಒಬ್ಬನು ಮೇವು, ಇನ್ನೊಬ್ಬನು ಬಿಸಿಲು. ಸೂರ್ಯನ ಹಗಲನ್ನು ನಾವು ಹಿಗ್ಗಿಸಲಾರೆವು, ಕುಗ್ಗಿಸಲಾರೆವು. ಮೇವೂ ನೆರಳೂ ಮಾತ್ರ ನಮ್ಮ ಕೈಯಲ್ಲಿವೆ.

ಮೇವಿನ ಸಂಗತಿಯನ್ನು ಮೊದಲು ಹೇಳುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೆರಿನೋ ಟಗರುಗಳಿಗೆ ಲೂಪಿನ್ ಎಂಬ ಕಾಳನ್ನು (ಇದು ನಮ್ಮ ಹುರುಳಿ ಅವರೆಗಳ ಹಾಗೆ ದ್ವಿದಳಜಾತಿಯದು) ತಿನ್ನಿಸಿ ಪರೀಕ್ಷೆ ಮಾಡಿದ್ದಾರೆ. ಒಳ್ಳೆಯ ಕಾಳು ಸಿಕ್ಕಿದ ಕೆಲವೇ ದಿನಗಳಲ್ಲಿ ಪಿಟ್ಯುಟರಿಯ ರಸವು ಹೆಚ್ಚು ಸಲ ಹೊರಡತೊಡಗಿತು. ಕೆಲವು ವಾರಗಳಲ್ಲಿ ವೃಷಣಗಳ ಗಾತ್ರವು ಕೈಗೆ ತಿಳಿಯುವಷ್ಟು ಬೆಳೆಯಿತು. ಆರೋಗ್ಯವಾದ ವೃಷಣವು ಗ್ರಾಂ ಒಂದಕ್ಕೆ ದಿನವೊಂದಕ್ಕೆ ಸುಮಾರು ಎರಡು ಕೋಟಿ ಬೀಜಾಣುಗಳನ್ನು ಉತ್ಪತ್ತಿ ಮಾಡತಕ್ಕದ್ದು. ಗಾತ್ರವು ಕುಗ್ಗಿದರೆ ಬೀಜವೂ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ಟಗರು ಹಾರುವ ಹುರುಪನ್ನು ನೋಡಿ ಬೀಜ ಚೆನ್ನಾಗಿದೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ಹುರುಪು ಇದ್ದು ಬೀಜ ಇಲ್ಲದಿರುವುದು ಸಾಧ್ಯ.

ಇನ್ನೊಂದು ಮುಖ್ಯ ವಿಷಯ: ಬೀಜಾಣುವು ಒಂದೆರಡು ದಿನಗಳಲ್ಲಿ ಸಿದ್ಧವಾಗುವ ಪದಾರ್ಥವಲ್ಲ. ವೃಷಣದಲ್ಲಿ ಅದು ರೂಪುಗೊಳ್ಳುವುದಕ್ಕೆ ಸುಮಾರು ಏಳು ವಾರಗಳು ಬೇಕು; ಆಮೇಲೆ ವೃಷಣಕ್ಕೆ ಅಂಟಿಕೊಂಡಿರುವ ನಾಳದಲ್ಲಿ ಹಾಯ್ದು ಪಕ್ವವಾಗುವುದಕ್ಕೆ ಇನ್ನೂ ಎರಡು ವಾರ. ಎಂದರೆ ಇಂದು ಟಗರು ಬಿಡುವ ಬೀಜವು ಎರಡು ತಿಂಗಳ ಹಿಂದೆ ಮೊದಲಾದದ್ದು. ಮೃಗಶಿರ ಮಳೆಗೆ ಹುಲ್ಲು ಚಿಗುರಿದ ಮೇಲೆ ಟಗರನ್ನು ಬಿಡುವುದು ನಮ್ಮ ಪದ್ಧತಿ. ಆ ಬೀಜವು ಮೊದಲಾದದ್ದು ಯಾವಾಗ? ಯುಗಾದಿಯ ಸುಮಾರಿನಲ್ಲಿ. ಬೆಳೆದದ್ದು ಅಶ್ವಿನಿ, ಭರಣಿ, ಕೃತ್ತಿಕೆಗಳಲ್ಲಿ. ಗೋಮಾಳದಲ್ಲಿ ಕಡ್ಡಿ ಹುಲ್ಲಿಲ್ಲದ, ಕೆರೆಯಂಗಳ ಬಿರುಕುಬಿಟ್ಟ, ವರ್ಷದ ಅತ್ಯಂತ ಕಡು ಬಿಸಿಲಿನ ದಿನಗಳಲ್ಲಿ. ಟಗರಿನ ಹೊಟ್ಟೆಯು ಬರಿದಾಗಿರುವ ತಿಂಗಳುಗಳಲ್ಲಿಯೇ ಮುಂದಿನ ವರ್ಷದ ಹಿಂಡಿನ ಬೀಜವು ತಯಾರಾಗುತ್ತಿರುತ್ತದೆ. ಜ್ಯೇಷ್ಠದಲ್ಲಿ ಹಸುರು ಮೇದು ಟಗರಿನ ಮೈ ಮಿರುಗತೊಡಗಿದಾಗ ನಾವು ಸಂತೋಷಪಡುತ್ತೇವೆ. ಆ ಮೇವಿನ ಫಲವು ಅದರ ಬೀಜದಲ್ಲಿ ಕಾಣುವುದು ಶ್ರಾವಣದಲ್ಲಿ.

ಬಿಸಿಲಿನ ಕೆಡುಕು ಮೇವಿನ ಅಭಾವಕ್ಕಿಂತಲೂ ತೀವ್ರವಾದದ್ದು. ಕುರಿಯ ದೇಹದ ಶಾಖವು ಸುಮಾರು 39 ಡಿಗ್ರಿ ಸೆಂಟಿಗ್ರೇಡ್. ಬೀಜಗಳು ಇದಕ್ಕಿಂತ ನಾಲ್ಕೈದು ಡಿಗ್ರಿ ತಣ್ಣಗಿದ್ದರೆ ಮಾತ್ರ ಕೆಲಸ ಮಾಡುತ್ತವೆ. ದೇವರು ಅವನ್ನು ಹೊಟ್ಟೆಯ ಹೊರಗೆ ತೂಗುಬಿಟ್ಟಿರುವುದು ಇದಕ್ಕಾಗಿಯೇ. ಬೀಜದ ಚೀಲಕ್ಕೆ ಬಟ್ಟೆ ಸುತ್ತಿ ಬೆಚ್ಚಗಿಟ್ಟು ಮಾಡಿದ ಪರೀಕ್ಷೆಗಳಲ್ಲಿ ಎರಡು ಮೂರು ವಾರಗಳ ಮೇಲೆ ವಕ್ರವಾದ, ತಲೆಬಾಲ ಬೇರ್ಪಟ್ಟ ಬೀಜಾಣುಗಳು ಹೇರಳವಾಗಿ ಕಂಡುಬಂದಿವೆ; ಪೂರ್ವಸ್ಥಿತಿಗೆ ಬರುವುದಕ್ಕೆ ಎರಡು ತಿಂಗಳವರೆಗೂ ಹಿಡಿಯುತ್ತದೆ. ಕಾದ ತಗಡಿನ ಛಾವಣಿಯ ಕೆಳಗೆ ನಡುಹಗಲಿನಲ್ಲಿ ಕಟ್ಟಿಹಾಕಿದ ಟಗರಿನ ಗತಿಯೂ ಇದೇ. ಜ್ವರದಿಂದಲೂ ಹೀಗಾಗುತ್ತದೆ. ನೀಲಿನಾಲಿಗೆ ರೋಗವಾಗಲಿ ಬೇರೆ ಯಾವ ಜ್ವರವಾಗಲಿ ಬಂದು ವಾಸಿಯಾದ ಟಗರನ್ನು, ಮೇಲ್ನೋಟಕ್ಕೆ ಚೇತರಿಸಿಕೊಂಡಿದ್ದರೂ, ಎರಡು ತಿಂಗಳು ಕಳೆಯುವವರೆಗೆ ನೆಚ್ಚಕೂಡದು.

ಹೀಗಿರುವಾಗ ಮಾಡಬೇಕಾದದ್ದೇನು? ಯುಗಾದಿ ಕಳೆದೊಡನೆ ಟಗರನ್ನು ಹಿಂಡಿನಿಂದ ಬೇರ್ಪಡಿಸಿ, ಹುಲ್ಲು ಅಥವಾ ಗರಿ ಹೊದಿಸಿದ ಛಾವಣಿಯ ಕೆಳಗಾಗಲಿ, ಹೊಂಗೆ ಬೇವುಗಳ ನೆರಳಿನಲ್ಲಾಗಲಿ ಇರಿಸತಕ್ಕದ್ದು. ಮೇಯಿಸುವುದು ಬೆಳಗಿನ ತಂಪಿನಲ್ಲಿ ಮತ್ತು ಸಾಯಂಕಾಲ. ನೀರು ಯಾವಾಗಲೂ ಎದುರಿಗಿರಬೇಕು. ಉಣ್ಣೆಯ ಜಾತಿಯಾದರೆ ಬೇಸಗೆಗೆ ಮುಂಚೆ ಕತ್ತರಿಸಿ, ಬೀಜದ ಚೀಲದ ಮೇಲಿನ ಉಣ್ಣೆಯನ್ನೂ ತೆಗೆದುಹಾಕಬೇಕು. ಬೇಯಿಸಿದ ಅಥವಾ ಒಡೆದ ಹುರುಳಿ, ಕಡಲೆಕಾಯಿ ಹಿಂಡಿ, ರಾಗಿ ಅಥವಾ ಜೋಳದ ನುಚ್ಚು, ತವುಡು ಇವುಗಳನ್ನು ಬೆರೆಸಿ ದಿನಕ್ಕೆ 300ರಿಂದ 400 ಗ್ರಾಂ ಕೊಟ್ಟರೆ ಸಾಕು. ಮೊದಲ ದಿನವೇ ಅಷ್ಟನ್ನೂ ಇಟ್ಟರೆ ಹೊಟ್ಟೆಯುಬ್ಬರ ಬರುತ್ತದೆ. 100 ಗ್ರಾಂನಿಂದ ಆರಂಭಿಸಿ ಹತ್ತು ದಿನಗಳಲ್ಲಿ ಏರಿಸಬೇಕು. ಅಗಸೆ ಸೊಪ್ಪು, ಕುದುರೆಮೆಂತ್ಯ ಸಿಕ್ಕಿದರೆ ಬಹಳ ಒಳ್ಳೆಯದು. ಹತ್ತಿಬೀಜದ ಹಿಂಡಿಯಲ್ಲಿ ಬೀಜಾಣುಗಳಿಗೆ ಹಾನಿಮಾಡುವ ಗಾಸಿಪಾಲ್ ಎಂಬ ವಿಷಪದಾರ್ಥವಿರುವುದರಿಂದ ಅದನ್ನು ಬೀಜದ ಟಗರಿಗೆ ಹಾಕದಿರುವುದೇ ಕ್ಷೇಮ. ಕೊಬ್ಬಿಸುವುದೂ ಬೇಡ, ಕೊಬ್ಬಿದ ಟಗರು ಸೋಮಾರಿ.

ಇಷ್ಟಕ್ಕೆ ಖರ್ಚಾಗುತ್ತದೆಂದು ಕೆಲವರು ಆಕ್ಷೇಪಿಸುವರು. ಕಾಳಗದ ಟಗರಿಗೆ ಹುರುಳಿಯನ್ನೂ ಮೊಟ್ಟೆಯನ್ನೂ ತಿನ್ನಿಸುವ ಊರುಗಳಲ್ಲಿಯೇ ಬೀಜದ ಟಗರು ಒಣ ಜಾಲಿಯ ಕೆಳಗೆ ಉದುರಿದ ಕಾಯನ್ನು ಹುಡುಕಿಕೊಂಡು ತಿರುಗುವುದನ್ನು ನಾನು ಅನೇಕ ಕಡೆ ನೋಡಿದ್ದೇನೆ. ಇದು ಹಣದ ಕೊರತೆಯೆಂದು ನನಗೆ ತೋರುವುದಿಲ್ಲ. ಇದಕ್ಕಿಂತಲೂ ಹೆಚ್ಚಿನ ಕೇಡೆಂದರೆ, ಹುಟ್ಟಿದ ಗಂಡುಮರಿಗಳಲ್ಲಿ ಯಾವುದು ಮೈಕಟ್ಟಿನಲ್ಲಿ ಮುಂದೋ ಅದು ಹಬ್ಬದ ಬೆಲೆಗೆ ಮೊದಲು ಹೋಗುತ್ತದೆ. ಯಾರೂ ಕೇಳದೆ ಉಳಿದದ್ದು ಹಿಂಡಿನ ತಂದೆಯಾಗುತ್ತದೆ. ಗ್ರಾಮದ ಮುಖಂಡರು ನಾಲ್ಕು ಜನ ಕುಳಿತು, ಹಬ್ಬಕ್ಕೆ ಮೊದಲೇ ಇಂಥಿಂಥ ಮರಿಗಳು ಊರಿನ ಬೀಜಕ್ಕೆ ಎಂದು ಗುರುತು ಹಾಕಿಸಿದರೆ, ಸರ್ಕಾರದಿಂದ ಯಾವ ಸಹಾಯವೂ ಇಲ್ಲದೆ ಆಗಬಹುದಾದ ದೊಡ್ಡ ಉಪಕಾರ ಅದು. 25ರಿಂದ 30 ಕುರಿಗಳಿಗೆ ಒಂದು ಟಗರು ಇರಬೇಕು. ತನ್ನ ಮಕ್ಕಳನ್ನೇ ತಾನು ಹಾರದಂತೆ ಎರಡು ವರ್ಷಕ್ಕೊಮ್ಮೆ ನೆರೆಯ ಊರಿನೊಡನೆ ಬದಲಾಯಿಸಿಕೊಳ್ಳಬೇಕು.

ಟಗರನ್ನು ಬಿಡುವ ದಿನದ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಬೇಸಗೆಯಲ್ಲಿ ಟಗರಿಗೆ ನೆರಳೂ ಮೇವೂ ಒದಗಿದ್ದರೆ ಮೃಗಶಿರದಲ್ಲಿ ಬಿಡಬಹುದು. ಒದಗಿಸಲು ಆಗದಿದ್ದವರು ಮೈಸೂರು, ಮಂಡ್ಯ, ಹಾಸನದ ಕಡೆ ಪುನರ್ವಸುವಿನವರೆಗೆ ತಡೆಯುವುದು ಲೇಸು. ರಾಯಚೂರು, ಕಲಬುರಗಿಯಂಥ ಬಿಸಿಲುಸೀಮೆಗಳಲ್ಲಿ ಸೆಕೆಯು ತಡವಾಗಿ ಇಳಿಯುವುದರಿಂದ ಇನ್ನೂ ಎರಡು ವಾರ ಹೆಚ್ಚಾಗಿ ಕಾಯಬೇಕು. ತಡೆದು ಬಿಟ್ಟರೆ ಮರಿಗಳು ಮಾರ್ಗಶಿರ ಪುಷ್ಯಗಳಲ್ಲಿ ಹುಟ್ಟುತ್ತವೆ. ಆಗ ಕೊಯ್ಲಾದ ಹೊಲಗಳಲ್ಲಿ ಕೂಳೆ ಮೇವೂ ಅವರೆ ಹೊಟ್ಟೂ ಸಿಕ್ಕುವುದರಿಂದ ತಾಯಿಗೆ ಹಾಲು ಸಾಲುತ್ತದೆ. ಚಳಿಯ ರಾತ್ರಿಗಳಲ್ಲಿ ಮರಿಗಳನ್ನು ಮುಚ್ಚಿಡುವ ಶ್ರಮವೊಂದು ಹೆಚ್ಚು.

ವಿದ್ಯುದ್ದೀಪವು ಊರೂರಿಗೆ ಬಂದಿರುವುದರಿಂದ, ಹಟ್ಟಿಯಲ್ಲಿ ದೀಪ ಉರಿಸಿಯೋ ಆರಿಸಿಯೋ ಟಗರಿಗೆ ಬಲ ಬರಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಯೂರೋಪಿನಲ್ಲಿ ಹಾಗೆ ಮಾಡುವುದುಂಟು. ಕೆಲವು ವಾರ ದೀಪದಿಂದ ಹಗಲನ್ನು ಹಿಗ್ಗಿಸಿ, ಆಮೇಲೆ ಕುಗ್ಗಿಸಿ, ಅಥವಾ ಮೆಲಟೋನಿನ್ ತುಂಬಿದ ಸಣ್ಣ ಗುಳಿಗೆಯನ್ನು ಕಿವಿಯ ಚರ್ಮದ ಕೆಳಗೆ ಇಟ್ಟು, ವಸಂತಕಾಲದಲ್ಲಿಯೇ ಟಗರನ್ನು ಸಿದ್ಧಮಾಡುತ್ತಾರೆ. ಅಲ್ಲಿ ತಡೆಯಾಗಿರುವುದು ಹಗಲು, ಆದ್ದರಿಂದ ಉಪಾಯವೂ ಹಗಲಿನದೇ. ನಮ್ಮಲ್ಲಿ ತಡೆಯಾಗಿರುವುದು ಹಸಿವು ಮತ್ತು ಸೆಕೆ. ದೀಪಕ್ಕೆ ತೆರುವ ಹಣವನ್ನು ಹುರುಳಿಗೆ ತೆತ್ತರೆ ಮೇಲು.

ಪರದೇಶದ ತಳಿಯನ್ನು ಕೊಳ್ಳುವವರಿಗೆ ಮಾತ್ರ ಹಗಲಿನ ಲೆಕ್ಕವು ನೇರವಾಗಿ ಸಂಬಂಧಪಡುತ್ತದೆ. ಮೈಸೂರು ಸೀಮೆಗೆ ಕಬ್ಬನ್ ಅವರ ಆಡಳಿತಕಾಲದಲ್ಲಿಯೇ ಮೆರಿನೋ ಟಗರುಗಳು ಬಂದಿದ್ದವು. ಈಚೆಗೆ ಬೇರೆ ಬೇರೆ ತಳಿಗಳನ್ನು ಬಹಳ ಬೆಲೆ ಕೊಟ್ಟು ತರುವ ಆಸಕ್ತಿಯು ಹೆಚ್ಚಿದೆ. ಮೆರಿನೋ ಮುಂತಾದ ಕೆಲವು ತಳಿಗಳಲ್ಲಿ ಹಗಲಿನ ಪ್ರಭಾವವು ಕಡಿಮೆ, ಉತ್ತರದ ಚಳಿದೇಶದ ತಳಿಗಳಲ್ಲಿ ಬಹಳ ಹೆಚ್ಚು. ಟಗರಿನ ಹುಟ್ಟೂರು ಭೂಮಧ್ಯರೇಖೆಯ ಯಾವ ಕಡೆಗಿದೆ, ಅಲ್ಲಿ ಅದು ಯಾವ ತಿಂಗಳಿನಲ್ಲಿ ಹಾರುತ್ತಿತ್ತು ಎಂಬುದನ್ನು ಮಾರುವವನಿಂದ ಕೇಳಿ ತಿಳಿಯದೆ ಹಣ ಕೊಡಕೂಡದು. ಕುರಿಗೆ ತನ್ನದೇ ಆದ ಒಂದು ಒಳಗಡಿಯಾರವೂ ಇರುವುದರಿಂದ ಹೊಸ ಸೀಮೆಗೆ ಹೊಂದಿಕೊಳ್ಳಲು ಕೆಲವು ತಿಂಗಳುಗಳು ಬೇಕಾಗುತ್ತವೆ. ಬಂದ ಮೊದಲ ವರ್ಷದ ಫಲವನ್ನು ನೋಡಿ ಟಗರನ್ನು ಹಳಿಯುವುದೂ ಬೇಡ, ಹೊಗಳುವುದೂ ಬೇಡ.

ಕೊನೆಯದಾಗಿ, ತಪ್ಪು ಟಗರಿನದೋ ಕುರಿಯದೋ ಎಂದು ಗೊತ್ತುಮಾಡುವ ಉಪಾಯ. ಟಗರನ್ನು ಬಿಡುವುದಕ್ಕೆ ಮುಂಚೆ ನೆಲದ ಮೇಲೆ ಕೂರಿಸಿ ಬೀಜಗಳನ್ನು ಕೈಯಿಂದ ಒತ್ತಿ ನೋಡಬೇಕು. ಎರಡೂ ಸಮನಾಗಿ, ಬಿಗಿಯಾಗಿ, ಗಂಟಿಲ್ಲದೆ ಇರಬೇಕು. ಒದ್ದೆ ಹಿಟ್ಟಿನಂತೆ ಮೆತ್ತಗಿದ್ದರೆ ಅದು ಕೆಲಸಕ್ಕೆ ಬಾರದು. ಆಮೇಲೆ ಟಗರಿನ ಎದೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿದು, ಎರಡು ದಿನಕ್ಕೊಮ್ಮೆ ಪುನಃ ಹಚ್ಚುತ್ತಿರಬೇಕು. ಹಾರಿಸಿಕೊಂಡ ಕುರಿಗಳ ಬೆನ್ನಿನ ಹಿಂಭಾಗದಲ್ಲಿ ಕೆಂಪು ಗುರುತು ಬೀಳುತ್ತದೆ. ಕುರಿಯು ಗಬ್ಬವಾಗದಿದ್ದರೆ ಸುಮಾರು 17 ದಿನಗಳ ಮೇಲೆ ಪುನಃ ಬೆದೆಗೆ ಬರುತ್ತದೆ. ಆದ್ದರಿಂದ ಹದಿನೇಳನೆಯ ದಿನ ಕೆಮ್ಮಣ್ಣನ್ನು ಬಿಟ್ಟು ಇದ್ದಲಿನ ಕಪ್ಪನ್ನು ಬಳಿಯಬೇಕು. ಇನ್ನು 17 ದಿನಗಳಲ್ಲಿ, ಮೊದಲೇ ಕೆಂಪು ಬಿದ್ದಿದ್ದ ಕುರಿಗಳಲ್ಲಿ ಒಂದೆರಡರ ಮೇಲೆ ಮಾತ್ರ ಕಪ್ಪು ಬಿದ್ದರೆ ಆ ಕುರಿಗಳನ್ನು ವಿಚಾರಿಸತಕ್ಕದ್ದು. ಹೆಚ್ಚಿನವುಗಳ ಮೇಲೆ ಕೆಂಪಿನ ಮೇಲೆ ಕಪ್ಪು ಕಂಡರೆ, ಒಂದು ಕುರಿಯನ್ನೂ ಸಂತೆಗೆ ಹೊಡೆಯದೆ, ಅದೇ ದಿನ ಬೇರೆ ಟಗರನ್ನು ತಂದು ಬಿಡತಕ್ಕದ್ದು.